ನಾಕಾದ ಆಲದ ಗಿಡ ಮತ್ತು ತಿರುಗೂ ಮಶೀನು

ಗಿಡ ಅಳೆಯೂದು ನನ್ನ ನೌಕರಿ ಅಂದ್ರ ಮೊದಲ ಎಲ್ಲಾರೂ ನಗತಿದ್ರು. ಮದುವಿ ಆಗಿ ವಿಜಯಪುರದ ಕಡಿಂದ ಪುಣೆಕ್ಕ ಬಂದು, ಉದ್ಯಾನ ಖಾತೆಯೊಳಗ ಕೆಲಸಕ್ಕ ಸೇರಿದಾಗ ನಮ್ಮ ಅತ್ತಿಯವರೂ ನಕ್ಕಿದ್ರು. "ಬಟ್ಟಿ ಅಳೀತಾರ, ಹೊಲ ಅಳೀತಾರ, ಗಿಡ ಯಾಕ ಅಳೀತಾರವ್ವಾ ರೇಣುಕಾ? ಅದಕ್ಕೇನು ಅಂಗಿ ಹೊಲಿಸೋರದೀರೇನು?" ಅಂತ. ನಾನೂ ನಕ್ಕೆ. ಆವಾಗ ನನಗೂ ಪೂರಾ ಗೊತ್ತಿರಲಿಲ್ಲ ಯಾಕ ಅಳೀತಾರ ಅಂತ.

ಈಗ ನಿವೃತ್ತಿ ಆಗಿ ಮನ್ಯಾಗ ಕೂತೀನಿ. ಈ ಕೆಲಸಕ್ಕ ಹೊಸದಾಗಿ ಬರೂ ಹುಡುಗರು, ಹುಡುಗ್ಯಾರು ಫೋನ್ ಮಾಡಿ, "ಮೇಡಂ, ಫೀಲ್ಡ್ ಹೆಂಗಿರ್ತದ?" ಅಂತ ಕೇಳ್ತಾರ. ಫೋನಿನಾಗ ಹೇಳಿ ಹೇಳಿ ಗಂಟಲ ಒಣಗ್ತದ, ಅದಕ್ಕ ಬರೀಲಿಕತ್ತೀನಿ. ಪ್ರಮೋಶನ್ ಯಾವಾಗ ಆತು, ಯಾವ ಖುರ್ಚಿ ಸಿಕ್ಕಿತು ಅನ್ನೂದು ಇದರಾಗ ಇಲ್ಲ. ಸಿಕ್ಕ ಖುರ್ಚಿಗೆ ಒಂದು ಕಾಲು ಸಣ್ಣದಿತ್ತು, ಅಷ್ಟು ಗೊತ್ತಿದ್ರ ಸಾಕು.

ಮೊದಲನೇ ಪಾಠ: ಟೇಪು ಎದಿ ಮಟ್ಟಕ್ಕ ಸುತ್ತಬೇಕು. ಕೆಳಗ ಸುತ್ತಿದ್ರ ಬೇರಿನ ದಪ್ಪ ಸೇರ್ತದ, ಮ್ಯಾಲ ಸುತ್ತಿದ್ರ ಟೊಂಗಿ ಅಡ್ಡ ಬರ್ತಾವ. ನಾನು ಮೊದಲ ಸುತ್ತಿದ್ದು ಒಂದು ಬೇವಿನ ಗಿಡಕ್ಕ. ಟೇಪು ಹಿಡಕೊಂಡು ಗಿಡದ ಸುತ್ತ ಒಂದು ಸುತ್ತು ಬಂದೆ. ಬಾಜೂಕ ಕಾಯಿಪಲ್ಯೆ ಮಾರೂ ಮುದುಕಿ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು. "ಅಗ ಬಾಯಿ, ಆಜ್ ಪೌರ್ಣಿಮಾ ನಾಹೀ! ಆಣಿ ಹಾ ತರ್ ಕಡುಲಿಂಬ!" ಅಂದ್ಲು. ಇವತ್ತು ಹುಣ್ಣಿಮಿ ಅಲ್ಲ, ಮ್ಯಾಲ ಇದು ಬೇವಿನ ಗಿಡ ಅಂತ. ಜ್ಯೇಷ್ಠ ಹುಣ್ಣಿಮಿಗೆ ಇಲ್ಲಿ ಹೆಂಗಸರು ಆಲದ ಗಿಡಕ್ಕ ದಾರ ಸುತ್ತಿ, ಏಳು ಜನ್ಮಕ್ಕೂ ಇದs ಗಂಡ ಸಿಗಲಿ ಅಂತ ಬೇಡ್ಕೋತಾರ. ಪಾಪ, ಹೊರಗಿನಿಂದ ಬಂದ ಹುಡುಗಿ, ಗಿಡಾನೂ ತಪ್ಪ್ಯಾಳ, ತಿಥಿನೂ ತಪ್ಪ್ಯಾಳ ಅಂತ ಆಕಿಗೆ ನನ್ನ ಮ್ಯಾಲ ಕರುಣಾ ಬಂದಿತ್ತು. ಒಂದು ಸಿವುಡು ಕೊತ್ತಂಬರಿ ಪುಕ್ಕಟೆ ಕೊಟ್ಟು ಕಳಿಸಿದ್ಲು.

ಗಿಡ ಯಾಕ ಅಳೀತಾರ ಅನ್ನೂದು ತಿಳಿದಿದ್ದು ತಮ್ಮ ಕಂಪೌಂಡಿನ ಗಿಡ ತೆಗಸಬೇಕಂತಿದ್ದ ಬಂಗಲೆಯವರಿಂದ. ಸುತ್ತಳತಿ ಮ್ಯಾಲ ಗಿಡದ ವಯಸ್ಸು ಅಂದಾಜು ಮಾಡ್ತಾರ. ಸಣ್ಣ ವಯಸ್ಸಿನ ಗಿಡ ತೆಗೀಬೇಕಂದ್ರ ಒಂದು ಅರ್ಜಿ, ಒಂದು ಸಹಿ, ಮುಗೀತು. ಹಳೇ ಗಿಡ ಅಂದ್ರ ಹಂಗ ಅಲ್ಲ. ಸಮಿತಿ ಕೂಡಬೇಕು, ಮಂದಿ ತಕರಾರು ಕೇಳಬೇಕು, ಕಟ್ಟೋರು ನಕ್ಷಾನs ಬದಲಿ ಮಾಡಬೇಕು. ಅದಕ್ಕ ಬಂಗಲೆಯವರು ಚಹಾ ಕೊಟ್ಟು, ಚಿವಡಾ ಕೊಟ್ಟು, ಸಾವಕಾಶ ಹೇಳ್ತಿದ್ರು, "ತಾಯಿ, ಟೇಪು ಜರಾ ಬಿಗಿ ಎಳೀರಿ." ಒಬ್ಬ ಅಜ್ಜಾವರಂತೂ ತಮ್ಮ ಮಾವಿನ ಗಿಡ ಇತ್ತೀಚೆಗೆ ಭಾಳ ಸೊರಗೇದ ಅಂತ ನನ್ನ ಮುಂದ ಕಣ್ಣೀರ ಹಾಕಿದ್ರು. ಗಿಡ ನೋಡಿದ್ರ ಆನಿ ಹಂಗಿತ್ತು. ಚಿವಡಾ ತಿಂದೆ, ಇದ್ದದ್ದು ಇದ್ದಂಗ ಬರಕೊಂಡು ಬಂದೆ.

ನಮ್ಮ ಮ್ಯಾಲಿನವರು ಜಗದಾಳೆ ಸಾಹೇಬ್ರು. ಒಳ್ಳೇ ಮನಶ್ಯಾ. ಆದ್ರ ಜೀಪಿನಿಂದ ಇಳೀತಿರಲಿಲ್ಲ. ನಾನು ಗಿಡದ ಕೆಳಗ ನಿಂತು "ಸಾಹೇಬ, ಎತ್ತರ?" ಅಂತ ಕೇಳಿದ್ರ, ಕಿಟಕ್ಯಾಗಿಂದ ಬಾಜೂಕಿನ ಬಿಲ್ಡಿಂಗ್ ನೋಡಿ, "ಲಿಹಾ ರೇಣುಕಾತಾಯಿ, ತೀನ್ ಮಜಲೆ" ಅಂತಿದ್ರು. ಬರಕೊಳ್ರಿ, ಮೂರು ಮಜಲಿ ಅಂತ. ಬಾಜೂಕ ಬಿಲ್ಡಿಂಗ್ ಇಲ್ಲದ ಗಿಡಕ್ಕ ಎತ್ತರನs ಇರ್ತಿರಲಿಲ್ಲ. ಅವರ ಸಹಿ ಮಾತ್ರ ಭಾಳ ಚಂದ, ಕೊನಿಗೆ ಒಂದು ಸುರುಳಿ, ಕೆಳಗ ಎರಡು ಚುಕ್ಕಿ. ಓದಿ ಸಹಿ ಮಾಡೂದು ಕೈಕೆಳಗಿನವರ ಮ್ಯಾಲ ಸಂಶೇ ಪಟ್ಟಂಗ ಅಂತ ಅವರ ನಂಬಿಕಿ. ಹಿಂಗಾಗಿ ವಡಾಪಾವ್ ತಿನ್ಕೋತ, ಫೋನಿನಾಗ ಮಾತಾಡಕೋತ, ಏನು ಮುಂದ ಇಟ್ರೂ ಸಹಿ ಹಾಕ್ತಿದ್ರು.

ನನ್ನ ನೌಕರಿ ಮುಗಿಯೂ ಹೊತ್ತಿಗೆ ಲೇಸರ್ ಮಶೀನು ಬಂತು. ಇನ್ನ ಟೇಪಿನ ಲೆಕ್ಕ ಯಾವುದೂ ನಡಿಯೂದಿಲ್ಲ, ಎಲ್ಲಾ ಮಶೀನಿನ ಲೆಕ್ಕನs ಆಗಬೇಕು ಅಂತ ಆದೇಶ. ಮಶೀನಿನ ಜೋಡಿ ಒಂದು ಖಾಸಗಿ ಕಂಪನಿಯಿಂದ ಸಿಂಚನಾ ಅಂತ ಹುಡುಗಿ ಬಂದ್ಲು. ಮಂಡ್ಯದಾಕಿ, ಇಂಜಿನಿಯರು. ಆಫೀಸಿನಾಗ ಕನ್ನಡ ಕಿವಿಗೆ ಬಿದ್ದದ್ದs ನಂಗ ಖುಷಿ ಆತು. ಆದ್ರ ಆಕಿ ಕನ್ನಡದಾಗ ಅರ್ಧ ಇಂಗ್ಲಿಷ್, ನನ್ನ ಕನ್ನಡದಾಗ ಅರ್ಧ ಮರಾಠಿ. ಮೊದಲ ವಾರ ಇಬ್ಬರೂ ಕೈಸನ್ನಿ ಮ್ಯಾಲನs ಕೆಲಸ ತೆಗದ್ವಿ.

"ಮೇಡಂ, ಇನ್ಮೇಲೆ ಟೇಪ್ ಬೇಕಾಗೋದೇ ಇಲ್ಲ. ಮಿಲಿಮೀಟರ್ ಲೆವೆಲ್ ಅಕ್ಯುರಸಿ ಇದೆ ಇದ್ರಲ್ಲಿ," ಅಂದ್ಲು.

"ಹೌದೇನವಾ? ಮತ್ತ ಬಂಗಲೆ ನಾಯಿ ಬೆನ್ನು ಹತ್ತಿದ್ರ ಓಡ್ತದೇನು ಇದು?"

"ಓಡಲ್ಲ ಮೇಡಂ. ಎತ್ಕೊಂಡು ನಾವೇ ಓಡ್ಬೇಕು."

ಅವತ್ತಿನಿಂದ ಹುಡುಗಿ ನನಗ ಸೇರಿದ್ಲು.

ಆ ಮಶೀನು ಅಂದ್ರ ಮೂರು ಕಾಲಿನ ಸ್ಟ್ಯಾಂಡ್ ಮ್ಯಾಲ ಒಂದು ಡಬ್ಬಿ. ಡಬ್ಬಿ ತಿರುಗ್ತದ, ಕಣ್ಣಿಗೆ ಕಾಣದ ಬೆಳಕು ಬಿಡ್ತದ. ಆ ಬೆಳಕು ಗಿಡಕ್ಕ ಬಡದು ವಾಪಸ್ ಬಂದದ್ದರ ಮ್ಯಾಲ ಎಷ್ಟು ದೂರ ಅಂತ ಲೆಕ್ಕ ಹಾಕ್ತದ. ಹಿಂಗ ಲಕ್ಷಗಟ್ಟಲೆ ಚುಕ್ಕಿ ಕೂಡಿ ಕಂಪ್ಯೂಟರಿನಾಗ ಗಿಡ ಎದ್ದು ನಿಂದರ್ತದ. ಆಮ್ಯಾಲ ಆ ಚಿತ್ರಾನ ಎದಿ ಮಟ್ಟಕ್ಕ ಸೌತಿಕಾಯಿ ಹಂಗ ಅಡ್ಡ ಕೊಯ್ದು, ಗುಂಡಗ ಕಂಡದ್ದಕ್ಕೆಲ್ಲಾ ಗಿಡ ಅಂತ ಒಂದೊಂದು ನಂಬರ್, ಒಂದೊಂದು ಬಣ್ಣ ಹಚ್ಚತದ. ಎದಿ ಮಟ್ಟ ಅಂದ ಕೂಡಲೇ ನಂಗ ಸಮಾಧಾನ ಆತು. ನಮ್ಮ ಪಾಠನs ಕಲಿತು ಬಂದದ ಅಂತ.

ಮೊದಲ ದಿನ ರಸ್ತಾದ ಬಾಜೂಕ ಮಶೀನು ನಿಲ್ಲಿಸಿದ್ವಿ ನೋಡ್ರಿ, ಪುಣೆದಾಗ ನಾನು ಎಂದೂ ನೋಡದ ಪವಾಡ ನೋಡಿದೆ. ಸ್ಕೂಟರ್ ಮ್ಯಾಲ ಬರೋರೆಲ್ಲಾ ದೂರಿಂದ ಸ್ಟ್ಯಾಂಡ್ ಕಂಡವರs ಗಕ್ಕನ ನಿಂತು, ಡಿಕ್ಕಿ ತೆಗದು, ಹೆಲ್ಮೆಟ್ ಹಾಕ್ಕೊಳ್ಳಿಕ್ಕೆ ಹತ್ತಿದ್ರು. ಟ್ರಾಫಿಕ್ ಪೊಲೀಸರ ಹೊಸ ಕ್ಯಾಮೆರಾ ಅಂತ ತಿಳಿದಿದ್ರು. ಹೆಲ್ಮೆಟ್ ಇಲ್ಲದವರು ಗಾಡಿ ತಿರುವಿ ಓಣಿ ಹೊಕ್ಕರು. ಸಂಜಿತನಕಾ ಆ ರಸ್ತಾದಾಗ ಎಂಥಾ ಶಿಸ್ತು ಅಂತೀರಿ! ಗಿಡ ಅಳದದ್ದಕ್ಕಿಂತ ಅವತ್ತು ತಲಿ ಉಳಿಸಿದ್ದs ಜಾಸ್ತಿ.

ಮಶೀನಿಗೂ ಅದರದs ಆದ ಮೂರ್ಖತನ ಇತ್ತು. ಲೈಟಿನ ಕಂಬಕ್ಕ ಗಿಡ ಅಂದಿತು. ಗಣಪತಿ ಮಂಟಪದ ಬೊಂಬುಗಳಿಗೆ ತೋಪು ಅಂದಿತು. ಒಂದು ಸೊಸೈಟಿಯಾಗ ಗುಲ್‌ಮೊಹರ್ ಗಿಡಕ್ಕ ದೊಡ್ಡ ಹೊಟ್ಟಿ ಬಂದಿತ್ತು. ನೋಡಿದ್ರ ವಾಚ್‌ಮನ್ ಅದಕ್ಕ ಒರಗಿ ನಿಂತು ನಿದ್ದಿ ಮಾಡ್ಯಾನ.

"ಇದನ್ನ ನಾಯ್ಸ್ ಅಂತೀವಿ ಮೇಡಂ. ಮರ ಅಲ್ದೇ ಇರೋದೆಲ್ಲಾ ನಾಯ್ಸ್. ಡಿಲೀಟ್ ಮಾಡ್ತೀನಿ," ಅಂದ್ಲು ಸಿಂಚನಾ.

"ಅಂವಗ ಹೇಣ್ತಿ ಮಕ್ಕಳು ಅದಾರವಾ. ಸಾವಕಾಶ ಡಿಲೀಟ್ ಮಾಡು."

ಅಡ್ಡಾಡೋರು ಅಷ್ಟು ತ್ರಾಸ ಕೊಡೂದಿಲ್ಲ ಅಂತ ಆಕಿ ತಿಳಿಸಿ ಹೇಳಿದ್ಲು. ಮಶೀನನ್ನ ನಾಕೂ ಕಡೆ ಇಟ್ಟು ತಿರುಗಿಸ್ತಾರ. ನಡ್ಯೋರು ಒಂದು ಕಡೆ ಕಂಡ್ರ ಇನ್ನೊಂದು ಕಡೆ ಕಾಣೂದಿಲ್ಲ, ಹೊಗಿ ಹಂಗ ಆಗಿ ತಾವs ಅಳಿಸಿ ಹೋಗ್ತಾರ. ಕದಲದಂಗ ಒಂದs ಕಡೆ ಇದ್ದವರದs ತೊಂದ್ರಿ, ಅವರಿಗೆ ಗಿಡದ ನಂಬರ್ ಬೀಳ್ತದ. ಇದನ್ನ ನೆನಪಿಟ್ಕೊಳ್ರಿ, ಮುಂದ ಬೇಕಾಗ್ತದ.

ಆದ್ರ ಮಶೀನಿನ ಮ್ಯಾಲ ಬರೇ ಅಪವಾದ ಹೊರಿಸಿದ್ರ ನನ್ನ ಬಾಯಿಗೆ ಹುಳ ಬೀಳ್ತಾವ. ಎತ್ತರ ಮಾತ್ರ ಅದು ಕರೆಕ್ಟ್ ಹೇಳ್ತಿತ್ತು. ಸಾಹೇಬ್ರ ತೀನ್ ಮಜಲೆ ಗಿಡ ಒಂದು ಐದು ಮಜಲಿ ಬಂತು, ಇನ್ನೊಂದು ಎರಡಕ್ಕs ಮುಗೀತು. ಸಾಹೇಬ್ರು, "ಮಧ್ಯೆ ಬಿಲ್ಡಿಂಗ್ ಬದಲ್ಯಾಗಿರಬೇಕು," ಅಂದ್ರು.

ಇನ್ನ ಆಲದ ಗಿಡದ ಮಾತು.

ಶಿರೂರ ಕಡೆ ಹೋಗೂ ರಸ್ತಾದಾಗ ಒಂದು ನಾಕಾ ಅದ, ಕೂಲಿ ಮಂದಿ ಕೂಡೂ ಚೌಕ. ಅಲ್ಲಿ ದೊಡ್ಡ ಆಲದ ಗಿಡ, ಸುತ್ತ ಬಿಳಲು ಇಳಿದು ಕಂಬ ನಿಂತಂಗ ನಿಂತಾವ, ರಸ್ತಾದ ಕಡೆ ಕಲ್ಲಿನ ಕಟ್ಟಿ. ಮುಂಜಾನೆ ನಮ್ಮ ಯಾದಗಿರಿ, ಕಲಬುರಗಿ ಕಡೆ ಮಂದಿ ಬುಟ್ಟಿ, ಸಲಿಕಿ ಹಿಡಕೊಂಡು ಬಂದು ಅಲ್ಲಿ ನಿಂದರ್ತಾರ. ಕಟ್ಟಡದ ಠೇಕೇದಾರರು ಟೆಂಪೋ ತಂದು, ಬೇಕಾದವರನ್ನ ಕರಕೊಂಡು ಹೋಗ್ತಾರ. ರಸ್ತಾ ಅಗಲ ಮಾಡೂ ಕೆಲಸದಾಗ ಆ ಗಿಡ ಅಡ್ಡ ಬಂದಿತ್ತು.

ಅಲ್ಲಿ ಭೀಮವ್ವ ಅಂತ ಒಬ್ಬಾಕಿ ನಂಗ ಭಾಳ ದಿನದ ಪರಿಚಯ. ಯಾದಗಿರಿ ಕಡಿಯಾಕಿ, ಸಿಮೆಂಟ್ ಬುಟ್ಟಿ ಹೊರೂ ಕೆಲಸ, ವಯಸ್ಸು ನನ್ನಷ್ಟs. ಕಟ್ಟಿಯ ತುದಿ ಆಕಿ ಜಾಗಾ, ಬ್ಯಾರೆ ಯಾರೂ ಕೂಡೂದಿಲ್ಲ. ಗಿಡ ಹೋಗ್ತದಂತ ಗೊತ್ತಾದ ದಿನ ನನ್ನ ಕೈ ಹಿಡಕೊಂಡ್ಲು.

"ಅಕ್ಕಾರ, ಹುಡುಗ್ರಿಗೇನು, ಠೇಕೇದಾರ ಫೋನ್ ಮಾಡಿ ಕರೀತಾನ. ನನ್ನಂಥಾಕಿಗೆ ಯಾರು ಫೋನ್ ಮಾಡ್ತಾರ್ರಿ? ಈ ಗಿಡದ ಕೆಳಗ ಕಂಡ್ರ, 'ಬಾ ಭೀಮವ್ವ' ಅಂತಾರ. ಕಾಣಲಿಲ್ಲಂದ್ರ ಬಿಟ್ಟು ಹೋಗ್ತಾರ. ಗಿಡ ತೆಗದ್ರ ನಾ ಎಲ್ಲಿ ಅದೀನಂತ ಅವರಿಗೆ ಹೆಂಗ ತಿಳೀಬೇಕು?"

"ಅಂಜಬ್ಯಾಡ. ಇಂಥಾ ಹಳೇ ಗಿಡ ಹಂಗೆಲ್ಲಾ ತೆಗೀಲಿಕ್ಕೆ ಬರೂದಿಲ್ಲ," ಅಂದೆ. ಧೈರ್ಯಾ ಹೇಳಿ ಬಂದೆ. ಮಶೀನು ನನ್ನ ಮಾತು ಸುಳ್ಳು ಮಾಡಿತು.

ಅದಕ್ಕ ಗುಂಡಗ ಕಂಡದ್ದೆಲ್ಲಾ ಒಂದೊಂದು ಗಿಡ ಅಲ್ಲೇನು? ಬಿಳಲಿಗೆ ಒಂದೊಂದು ನಂಬರ್ ಹಚ್ಚಿಬಿಟ್ಟಿತ್ತು. ನಡುವಿನ ಮೂಲ ಬೊಡ್ಡಿ ವಯಸ್ಸಿಗೆ ಸೀಳಿ ಸೀಳಿ ಹೋಗಿತ್ತು, ಅದನ್ನೂ ಅಣ್ಣತಮ್ಮರು ಆಸ್ತಿ ಹಂಚ್ಕೊಂಡಂಗ ಪಾಲು ಮಾಡಿತ್ತು. ಒಂದು ಮುದಿ ಆಲದ ಗಿಡ ಹೋಗಿ, ತೆಳ್ಳಗಿನ ಎಳೇ ಗಿಡಗಳ ಗುಂಪು ಆತು. ಎಳೇ ಗಿಡ ಅಂದ ಮ್ಯಾಲ ಒಂದು ಸಹಿ ಸಾಕು. ಸಿಂಚನಾ ಆಗ ರಾಂಜಣಗಾಂವದ ಫ್ಯಾಕ್ಟರಿ ಕಡೆ ಬ್ಯಾರೆ ಕೆಲಸದಾಗಿದ್ಲು, ಕಂಪನಿಯ ಬ್ಯಾರೆ ಹುಡುಗರು ಬಂದು ಅಳದು, ಕಂಪ್ಯೂಟರ್ ಕೊಟ್ಟದ್ದನ್ನ ಹಂಗs ಕಳಿಸಿದ್ರು. ನಮ್ಮ ಸಾಹೇಬ್ರು ಸುರುಳಿ, ಎರಡು ಚುಕ್ಕಿ ಸಮೇತ ಸಹಿ ಮಾಡಿಬಿಟ್ರು.

ನಂಗ ಸಿಟ್ಟು ನೆತ್ತಿಗೇರಿತು. ರಸ್ತಾದ ಇಂಜಿನಿಯರ್ ಕಡೆ ಹೋಗಿ, "ಅಹೋ, ಕಣ್ಣು ಬಿಟ್ಟು ನೋಡ್ರಿ, ಅದು ಒಂದs ಗಿಡ," ಅಂದೆ. ಅಂವ ಕಾಗದದಿಂದ ಮುಖ ಎತ್ತದs "ಡೇಟಾ ದಾಖವಾ" ಅಂದ. ಡೇಟಾ ತೋರಸ್ರಿ ಅಂತ. ಸಿಂಚನಾಗ ಫೋನ್ ಮಾಡಿ, "ನಿನ್ನ ಡಬ್ಬಿ ತಗೊಂಡು ಬಾ, ಇಲ್ಲಂದ್ರ ಅದನ್ನ ನಾನs ಒಯ್ದು ಮಾರ್ಕೆಟ್ ಯಾರ್ಡಿನಾಗ ಉಳ್ಳಾಗಡ್ಡಿ ತೂಗಲಿಕ್ಕೆ ಇಡ್ತೀನಿ," ಅಂದೆ. ನಮ್ಮನಿಯವರು ಅಲ್ಲೇ ಒಂದು ಅಂಗಡಿಯಾಗ ಲೆಕ್ಕ ಬರೀತಾರ, ಅದಕ್ಕ ಆ ಮಾತು ಬಾಯಿಗೆ ಬಂತು. ಪಾಪ, ಹುಡುಗಿ ರಜಾ ಹಾಕಿ ಬಂದು ಮತ್ತೊಮ್ಮೆ ಅಳದ್ಲು. ಆಕಿಗೆ ಬಿಡುವು ಸಿಕ್ಕದ್ದು ಜ್ಯೇಷ್ಠ ಹುಣ್ಣಿಮಿ ಮರುದಿನ.

ಸಂಜಿಗೆ ಆಫೀಸಿಗೆ ಬಂದ್ಲು, ಮಾರಿ ಸಣ್ಣದಾಗಿತ್ತು.

"ಮೇಡಂ, ಈ ಸಲ ಒಂದೇ ಮರ ಅಂತಿದೆ."

"ಮತ್ತ ಛೊಲೋ ಆತಲ್ಲ!"

"ಆದ್ರೆ ಕಾಂಡ ಒಂದು ದೊಡ್ಡ ಮನೆಯಷ್ಟು ದಪ್ಪ ಇದೆ. ವಯಸ್ಸು ನೋಡಿದ್ರೆ ಪುಣೆ ಊರಿಗಿಂತ ಹಳೇದು ಅಂತ ತೋರಿಸ್ತಿದೆ. ಯಾಕೆ ಅಂತಾನೇ ಗೊತ್ತಾಗ್ತಿಲ್ಲ."

ಚಿತ್ರ ನೋಡಿದೆ. ಎಲ್ಲಾ ಬಿಳಲು ಸುತ್ತುಗಟ್ಟಿ, ಸರಿಯಾಗಿ ಎದಿ ಮಟ್ಟಕ್ಕ, ಒಂದು ಗ್ವಾಡಿ ನಿಂತಿತ್ತು. ನಂಗ ನಗು ತಡೀಲಿಕ್ಕಾಗಲಿಲ್ಲ. ಕಣ್ಣಾಗ ನೀರು ಬರೂತನಕಾ ನಕ್ಕೆ. ಆ ಭಾಗದ ಹೆಂಗಸರೆಲ್ಲಾ ಹಿಂದಿನ ದಿನ ಮುಂಜಾನಿಂದ ಸಂಜಿತನಕಾ ಬಿಳಲು ಸಮೇತ ಇಡೀ ಗಿಡಕ್ಕ ದಾರ ಸುತ್ತಿದ್ರು. ನಿಂತು ಸುತ್ತಿದ್ರ ದಾರ ಎದಿ ಮಟ್ಟಕ್ಕs ಬರ್ತದ, ಮಶೀನು ಕೊಯ್ಯೂದೂ ಅಲ್ಲೇ. ಆ ದಾರದಾಗ ನಂದೂ ಒಂದು ಎಳಿ ಇತ್ತು.

"ಮೇಡಂ! ನೀವೇನಾ?"

"ಏಳು ಜನ್ಮದ ಪ್ರಶ್ನೆ ಅದವಾ. ನಿನ್ನ ಮಶೀನು ಒಂದು ದಿನ ತಡಕೋಬೇಕಾಗಿತ್ತು."

ಮನ್ಯಾಗ ಹೇಳಿದ್ರ ನಮ್ಮನಿಯವರು, "ಇಷ್ಟು ದಿನ ಟೇಪಿನಾಗ ಕಟ್ಟಿ ಹಾಕಿದ್ದಿ. ಇನ್ನ ಆರು ಜನ್ಮ ಲೇಸರಿನಾಗೇನು?" ಅಂದ್ರು.

ಆದ್ರ ನಗೂ ಹೊತ್ತಲ್ಲ ಅದು. ದಾರ ಬಿಚ್ಚೂ ಹಂಗಿಲ್ಲ, ಪೂಜಾದ್ದು, ತಾನs ಕಳಚಿ ಬೀಳಬೇಕು. ಇಂಜಿನಿಯರ್ ಈ ಲೆಕ್ಕ ನೋಡಿ ಹೊಟ್ಟಿ ಹಿಡಕೊಂಡು ನಕ್ಕ. "ಎರಡನೇದು ಜೋಕು. ಮೊದಲನೇದಕ್ಕ ನಿಮ್ಮ ಸಾಹೇಬ್ರ ಸಹಿ ಅದ, ಅದs ಖರೇ," ಅಂದ. ಗಿಡದ ಕೆಳಗ ಎಲ್ಲಾರೂ ಕೂಡಿ ಕೊನೇ ಸಲ ನೋಡೂದು, ಆಮ್ಯಾಲ ಕಡಿಯೂದು ಅಂತ ನಿಶ್ಚೆ ಆತು. ಭೀಮವ್ವಗ ಏನು ಮಾರಿ ತೋರಸ್ಲಿ ಅಂತ ನಂಗ ಅವತ್ತು ಊಟ ಸೇರಲಿಲ್ಲ.

ಅಲ್ಲಿ ಕೂಡಿದಾಗ ಸಾಹೇಬ್ರೂ ಬಂದ್ರು, ಜೀಪಿನಾಗ ಕೂತs ಇದ್ರು. ಸಿಂಚನಾ ಲ್ಯಾಪ್‌ಟಾಪನ್ನ ಜೀಪಿನ ಬಾನೆಟ್ ಮ್ಯಾಲ ಇಟ್ಟು ಮೊದಲನೇ ಅಳತಿ ತೆಗದ್ಲು. ಗಿಡಕ್ಕೊಂದು ಬಣ್ಣ. ಅದನ್ನ ಸಾವಕಾಶ ತಿರುವಕೋತ ತಿರುವಕೋತ ಒಂದು ಕಡೆ ನಿಂತುಬಿಟ್ಲು. ಕಟ್ಟಿಯ ತುದಿಗೆ ಒಂದು ನೇರಳಿ ಬಣ್ಣದ ಗಿಡ. ಕುಳ್ಳದು, ಬುಡ ದಪ್ಪ, ಮ್ಯಾಲ ಒಂದs ಒಂದು ಚಪ್ಪಟಿ ಟೊಂಗಿ. ಅದರ ಮುಂದ ಕಂಪ್ಯೂಟರ್ ಬರದಿತ್ತು: ಬೆಳವಣಿಗಿ ಕುಂಠಿತ, ತೆಗೀಲಿಕ್ಕೆ ಅಡ್ಡಿ ಇಲ್ಲ.

ನಮ್ಮ ಬೆನ್ನ ಹಿಂದ ನಿಂತಿದ್ದ ಭೀಮವ್ವ ಬಗ್ಗಿ ನೋಡಿದ್ಲು.

"ಅಯ್ಯ ನಮ್ಮವ್ವಾ! ಇದು ನಾನs ಅಲ್ಲೇನ್ರಿ? ಬಿಸಲಿಗೆ ಬುಟ್ಟಿ ಬೋರಲ ಹಾಕ್ಕೊಂಡು ಕೂತೀನಿ ನೋಡ್ರಿ!"

ಹೌದು, ಭೀಮವ್ವನs. ಮಡಚಿದ ಮೊಣಕಾಲು, ತಲಿ ಮ್ಯಾಲ ಬುಟ್ಟಿ. ಕಟ್ಟಿ ಮ್ಯಾಲ ಕೂತದ್ದಕ್ಕ ಎದಿ ಮಟ್ಟದ ಕೊಯ್ತ ಆಕಿ ಹೊಟ್ಟಿ ಮ್ಯಾಲ ಹಾದು ಹೋಗಿತ್ತು. ಆಕಿ ನನ್ನ ಕಡೆ ತಿರುಗಿ, "ಹಂಗಾರ ಅಕ್ಕಾರ, ನನ್ನನ್ನ ಕಡೀಲಿಕ್ಕೂ ಪರವಾನಿಗಿ ಆಗೇದೇನ್ರಿ?" ಅಂದ್ಲು.

ನಾನು ಅದನ್ನ ಹಂಗs ಮರಾಠಿಯೊಳಗ ಜೀಪಿನ ಕಡೆ ಹೇಳಿದೆ. ಜಗದಾಳೆ ಸಾಹೇಬ್ರು ಜೀಪಿನಿಂದ ಇಳದ್ರು! ನನ್ನ ಇಡೀ ನೌಕರಿಯೊಳಗ ಗಿಡದ ಕೆಳಗ ಅವರ ಬೂಟು ನೆಲಕ್ಕ ಹತ್ತಿದ್ದು ಅವತ್ತs ನೋಡಿದ್ದು. ಚಾಳೀಸು ಹಾಕ್ಕೊಂಡು ಒಮ್ಮೆ ಲ್ಯಾಪ್‌ಟಾಪು, ಒಮ್ಮೆ ಭೀಮವ್ವ, ಒಮ್ಮೆ ತಮ್ಮ ಸಹಿ ನೋಡಿದ್ರು. ಮಾರಿ ಮ್ಯಾಲ ಬೆವರು. ಒಂದು ಹೆಂಗಸನ್ನ ಕಡೀಲಿಕ್ಕೆ ತಾವು ಒಪ್ಪಿಗಿ ಕೊಟ್ಟದ್ದು ಪೇಪರಿನವರಿಗೆ ಗೊತ್ತಾದ್ರ ಅಂತ ಅವರಿಗೆ ಹೊಳೀತು.

ಎಲ್ಲಾರೂ ನಗಲಿಕ್ಕೆ ಹತ್ತಿದ್ರು, ಇಂಜಿನಿಯರೂ ನಕ್ಕ. ನಗಕೋತನs ನಾನು ಭೀಮವ್ವನ್ನ ಕೇಳಿದೆ, "ಅಲ್ಲಬೇ, ಮಶೀನಿಗೆ ಗಿಡ ಅನ್ನಸೂ ಅಷ್ಟು ಕದಲದಂಗ ಹೆಂಗ ಕೂತಿದ್ದಿ?"

"ಅವತ್ತ ಯಾರೂ ಕರೀಲಿಲ್ರಿ ಅಕ್ಕಾರ. ಉಳಿದವರೆಲ್ಲಾ ಟೆಂಪೋ ಹತ್ತಿ ಹೋದ್ರು. ಎದ್ದು ಹೋದ ಮ್ಯಾಲ ಯಾರರ ಬಂದ್ರ ಅಂತ ಅಲ್ಲೇ ಕೂತೆ."

ನನ್ನ ನಗು ನಿಂತುಬಿಟ್ಟಿತು. ಕೆಲಸ ಸಿಕ್ಕವರೆಲ್ಲಾ ಹೊಗಿ ಆಗಿ ಹೋಗಿದ್ರು, ಸಿಗದಾಕಿ ಒಬ್ಬಾಕಿ ಮಾತ್ರ ಮಶೀನಿಗೆ ಸಿಕ್ಕಿದ್ಲು. ಸಿಂಚನಾ ಮುಖ ಆ ಕಡೆ ತಿರುವಿ ಕಣ್ಣು ಒರಸ್ಕೊಂಡ್ಲು.

ಆಮ್ಯಾಲ ಆ ಹುಡುಗಿ ತನ್ನ ಮಶೀನಿನ ಮಾನ ಉಳಿಸಿದ್ಲು ನೋಡ್ರಿ. ಎರಡನೇ ಅಳತಿ ತೆಗದು, ದಾರದ ಗ್ವಾಡಿ ಅಷ್ಟs ಅಳಿಸಿ, ಚಿತ್ರಾನ ಎದಿ ಮಟ್ಟಕ್ಕ ಕೊಯ್ಯೂದು ಬಿಟ್ಟು ಕೆಳಗಿಂದ ಮ್ಯಾಲ ಕೊಯ್ಕೋತ ಹೋದ್ಲು. ಕೆಳಗ ಬ್ಯಾರೆ ಬ್ಯಾರೆ ಕಂಡ ಗುಂಡು ಮ್ಯಾಲ ಹೋದಂಗ ಟೊಂಗಿ ಸೇರಿದ್ವು, ಟೊಂಗಿ ಎಲ್ಲಾ ನಡುವಿನ ಬೊಡ್ಡಿ ಸೇರಿದ್ವು. "ನೋಡಿ ಸರ್, ಎಲ್ಲಾ ಕನೆಕ್ಟೆಡ್. ಒಂದೇ ಮರ. ಇದು ಡೇಟಾ," ಅಂದ್ಲು. ನನ್ನ ಟೇಪಿಗೆ ಅದನ್ನ ಹಂಗ ತೋರಸೂದು ಏಳು ಜನ್ಮದಾಗೂ ಆಗ್ತಿರಲಿಲ್ಲ, ಒಪ್ಕೋತೀನಿ. ಇಂಜಿನಿಯರ್ ಬಾಯಿ ತೆಗಿಯೂದ್ರೊಳಗ ನಮ್ಮ ಸಾಹೇಬ್ರು ಮೊದಲಿನ ಕಾಗದಕ್ಕ ಅಡ್ಡ ಗೆರಿ ಎಳದು, "ವಡ, ಏಕ" ಅಂತ ತಾವs ಬರದ್ರು. ಆಲ, ಒಂದು. ಮೂಲ ಬೊಡ್ಡಿಗೆ ನನ್ನ ಟೇಪು ಸುತ್ತಿ ತಾಳೆ ನೋಡಿದ್ವಿ, ಒಂದು ತುದಿ ನಾನು, ಒಂದು ತುದಿ ಸಿಂಚನಾ ಹಿಡದು.

ಮುಂದ ಸಮಿತಿ ಕೂಡಿತು, ತಕರಾರು ಕೇಳಿದ್ರು, ರಸ್ತಾ ಅಲ್ಲಿ ಸ್ವಲ್ಪ ಸೊಟ್ಟಾತು. ಗಾಡಿಯವರು ಆ ತಿರುವಿಗೆ ಇವತ್ತಿಗೂ ಬೈತಾರ. ಸಾಹೇಬ್ರು ಅದರ ನಂತರ ಕ್ಯಾಂಟೀನಿನ ಚಹಾದ ಬಿಲ್ಲನ್ನೂ ಎರಡು ಸಲ ಓದಿ ಸಹಿ ಮಾಡ್ತಿದ್ರು, ನಮ್ಮ ಕೆಲಸ ಎಲ್ಲಾ ತಡಾ ಆಗಲಿಕ್ಕೆ ಹತ್ತಿತು.

ಹೊಸದಾಗಿ ಬರೋರಿಗೆ ನಾ ಹೇಳೂದು ಇಷ್ಟs. ಮಶೀನು ಛೊಲೋದು, ಬಿಡಬ್ಯಾಡ್ರಿ. ಹುಣ್ಣಿಮಿ ಮರುದಿನ ಮಾತ್ರ ಆಲದ ಗಿಡಕ್ಕ ಹೋಗಬ್ಯಾಡ್ರಿ. ಮತ್ತ ನಾಯ್ಸ್ ಅಂತ ಯಾರನ್ನರ ಅಳಸೂ ಮೊದಲ, ಒಮ್ಮೆ ತಿರುವಿ ಯಾರು ಅಂತ ನೋಡ್ರಿ.

ಈಗೂ ಒಮ್ಮೊಮ್ಮೆ ಬಸ್ಸಿನಾಗ ಆ ರಸ್ತಾ ಹಿಡದು ಹೋಗ್ತೀನಿ. ನಾಕಾ ಬಂತಂದ್ರ ಕಿಟಕ್ಯಾಗಿಂದ ಕಟ್ಟಿ ಕಡೆ ನೋಡ್ತೀನಿ. ಭೀಮವ್ವ ಕೂತಿದ್ರ ಬುಟ್ಟಿ ಎತ್ತಿ ತೋರಿಸಿ ನಗತಾಳ, ನಾನೂ ಕೈ ಮಾಡ್ತೀನಿ, ಆದ್ರ ಆಮ್ಯಾಲ ದಾರಿತುಂಬ ಮನಸ್ಸಿಗೆ ಕಸಿವಿಸಿ. ಕಟ್ಟಿಯ ಆ ತುದಿ ಖಾಲಿ ಇತ್ತಂದ್ರ, ಇವತ್ತು ಆಕಿನ್ನ ಯಾರೋ ಕರದಾರ ಅಂತ, ಮನಿ ಮುಟ್ಟೂತನಕಾ ನಗಕೋತ ಕೂತಿರ್ತೀನಿ.